ರಂಗರಾಯರ ರೇಡಿಯೋಗ್ರಾಂ

ಗಡಿಯಾರದಂಗಡಿ ರಂಗರಾಯರ ಮನೆ ಖಾಲಿಯಾಗುತ್ತಿದೆ ಎಂಬ ಸುದ್ದಿ ನನಗೆ ತಿಳಿದದ್ದು ಕ್ಷೌರದಂಗಡಿಯಲ್ಲಿ. ಅರ್ಧ ಗಡ್ಡ ಹೆರೆದಾಗಿತ್ತು, ಇನ್ನರ್ಧಕ್ಕೆ ಸೋಪು ಹಚ್ಚಿತ್ತು. ರಾಯರು ತೀರಿಕೊಂಡು ಮೂವತ್ತಾರು ವರ್ಷವಾಯಿತು. ಆ ಮನೆಯಲ್ಲಿ ಈಗ ಇರುವವರು ಅವರ ಹೆಣ್ಣುಮಕ್ಕಳು, ದೊಡ್ಡವರು ವನಮಾಲಾ, ಚಿಕ್ಕವರು ಕುಮುದಾ. ಇಬ್ಬರೂ ಮೇಲುಪೇಟೆಯ ಎರಡು ಕೋಣೆಯ ಮನೆಗೆ ಹೋಗುತ್ತಾರಂತೆ, ಅಲ್ಲಿ ಹಿಡಿಸದ ಸಾಮಾನನ್ನೆಲ್ಲ ಕೊಟ್ಟುಬಿಡುತ್ತಾರಂತೆ. "ಆ ರೇಡಿಯೋಗ್ರಾಂ ನೋಡೋಕೆ ಹೊರಗಡೆಯಿಂದ ಹಳೇಸಾಮಾನಿನ ವ್ಯಾಪಾರಿ ಬರ್ತಾನಂತೆ, ಇವತ್ತು ನಾಲ್ಕು ಗಂಟೆಗೆ. ತನ್ನ ಮೆಕ್ಯಾನಿಕ್ಕನ್ನೂ ಕರ್ಕೊಂಡು ಬರ್ತಾನಂತೆ, ಹಿಂದೆಲ್ಲಾ ಬಿಚ್ಚಿಸಿ ನೋಡೇ ತಗೊಳ್ಳೋದಂತೆ" ಎಂದ ಕ್ಷೌರಿಕ. ಹಿಂದೆ ಬಿಚ್ಚಿಸುವ ಮಾತು ಕಿವಿಗೆ ಬಿದ್ದದ್ದೇ ತಡ, ಕ್ಷೌರಿಕನ ಕೈಯನ್ನು ಪಕ್ಕಕ್ಕೆ ಸರಿಸಿದೆ. ಟವೆಲಿನಲ್ಲಿ ಮುಖ ಒರೆಸಿಕೊಂಡು ಅರ್ಧ ಗಡ್ಡದಲ್ಲೇ ಎದ್ದು ಹೊರಟೆ.

ಯಾಕೆ ಎಂದು ಈಗಲೇ ಹೇಳಿಬಿಡುತ್ತೇನೆ, ಸುತ್ತು ಬಳಸಿ ಹೇಳುವ ವಯಸ್ಸು ನನಗೆ ಮುಗಿದಿದೆ. ಊರಿನಲ್ಲಿ ನನ್ನನ್ನು ರೇಡಿಯೋ ಭದ್ರಣ್ಣ ಎನ್ನುತ್ತಾರೆ. ಭದ್ರಣ್ಣ ಮುಟ್ಟಿದರೆ ಕಲ್ಲೂ ಹಾಡುತ್ತದೆ ಎಂದು ಹೊಗಳುವವರೂ ಇದ್ದಾರೆ. ಆ ಭದ್ರಣ್ಣನೇ ರಂಗರಾಯರ ರೇಡಿಯೋಗ್ರಾಂ ಸುಟ್ಟವನು. ಆಗ ನನಗೆ ಇಪ್ಪತ್ತೆರಡು. ಬೇರೆ ಊರಿನಲ್ಲಿ ಕೆಲಸ ಕಲಿತು ಬಂದು ಬೋರ್ಡು ತಗುಲಿಹಾಕಿ ಇನ್ನೂ ತಿಂಗಳಾಗಿರಲಿಲ್ಲ. ರಾಯರು ಕರೆಸಿದ್ದು ಡಯಲಿನ ಹಿಂದಿನ ದೀಪ ಹೋಗಿದೆ ಎಂದು, ಅಷ್ಟೆ. ಕಡಲೆಕಾಳಿನಷ್ಟು ಕೆಲಸ. ಆದರೆ ಅಂಥ ಯಂತ್ರವನ್ನು ನಾನು ಕಂಡೇ ಇರಲಿಲ್ಲ. ಎದೆಮಟ್ಟದ ಅಕ್ರೋಟು ಮರದ ಪೆಟ್ಟಿಗೆ, ಎಡಗಡೆ ರೇಡಿಯೋ, ಬಲಗಡೆ ಮುಚ್ಚಳ ಎತ್ತಿದರೆ ಗ್ರಾಮಫೋನು. ಒಂದು ಮಗ್ಗುಲು ಮುಗಿದರೆ ಪ್ಲೇಟನ್ನು ತಾನೇ ಎತ್ತಿ ಮಗುಚಿ ಇನ್ನೊಂದು ಮಗ್ಗುಲು ನುಡಿಸುವ ಕೈಯೊಂದು ಅದರಲ್ಲಿತ್ತು. ಹಡಗಿನಲ್ಲಿ ಬಂದ ಮಾಲು. ನಮ್ಮ ಗೋಡೆಯ ಕರೆಂಟು ಅದಕ್ಕೆ ಎರಡರಷ್ಟು ಜಾಸ್ತಿ, ಅದಕ್ಕೇ ರಾಯರು ಕರೆಂಟು ಇಳಿಸುವ ಕಬ್ಬಿಣದ ಪೆಟ್ಟಿಗೆಯೊಂದನ್ನು ನಡುವೆ ಇಟ್ಟಿದ್ದರು. ಒರೆಸಲೆಂದು ನಾನು ಅದನ್ನು ಬಿಚ್ಚಿಟ್ಟೆ, ಆಮೇಲೆ ಮರೆತು ನೇರ ಗೋಡೆಗೆ ಪಿನ್ನು ಚುಚ್ಚಿದೆ. ಅರ್ಧ ನಿಮಿಷ ಅಷ್ಟೇ. ಟ್ರಾನ್ಸ್‌ಫಾರ್ಮರಿನಿಂದ ಡಾಂಬರಿನ ವಾಸನೆ, ಹೊಗೆ, ಒಳಗಿನ ಹಲಗೆ ಅಂಗೈಯಗಲ ಕರಿಯಾಯಿತು. ಹದಿನೈದು ವರ್ಷದ ಕುಮುದಾ ನನಗೆ ಕಾಫಿ ತರಲು ಒಳಗೆ ಹೋಗಿದ್ದಳು. ಅವಳು ಲೋಟ ಹಿಡಿದು ಬರುವಷ್ಟರಲ್ಲಿ ನಾನು ಕಿಟಕಿ ತೆರೆದು, ಕರಿಯಾದ ಕಡೆ ಕಂದು ಕಾಗದ ಅಂಟಿಸಿ, ಹಿಂಬದಿ ಮುಚ್ಚಿ ಕೂತಿದ್ದೆ.

"ಇದರ ಆಯುಸ್ಸು ಮುಗಿದಿತ್ತು ರಾಯರೇ. ಪಾರ್ಟು ಹೊರದೇಶದಿಂದ ಬರಬೇಕು. ಬೇರೆಯೋರ ಕೈಗೆ ಮಾತ್ರ ಕೊಡಬೇಡಿ" ಎಂದೆ, ರಾಯರು ಹೊರಗಿನಿಂದ ಬಂದ ಮೇಲೆ. ಸುಟ್ಟ ಟ್ರಾನ್ಸ್‌ಫಾರ್ಮರನ್ನು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೊಟ್ಟಿದ್ದರೆ ಎಂಟು ದಿನದಲ್ಲಿ ಹೊಸ ತಂತಿ ಸುತ್ತಿಕೊಡುತ್ತಿದ್ದರು. ಆದರೆ ಸುತ್ತುವವನು ನೋಡಿದರೆ ನಗುತ್ತಿದ್ದ, ನಕ್ಕರೆ ಊರೆಲ್ಲ ಕೇಳುತ್ತಿತ್ತು, ನನ್ನ ಬೋರ್ಡು ಇಳಿಯುತ್ತಿತ್ತು. ರಾಯರು ನಂಬಿದರು. ಪಾರ್ಟು ಬರುತ್ತದೆಂದು ಕಾಯುತ್ತಾ ಬೇರೆ ರೇಡಿಯೋ ಕೂಡ ತರಲಿಲ್ಲ, ಹಾಸಿಗೆ ಹಿಡಿದು ಎರಡು ವರ್ಷಕ್ಕೆ ತೀರಿಕೊಂಡರು. ಕುಮುದಾ ಮಂಗಳವಾರ ಶನಿವಾರ ಬೆಳಿಗ್ಗೆ ಆ ಪೆಟ್ಟಿಗೆಯ ಮುಂದೆ ನೋಟುಬುಕ್ಕು ಹಿಡಿದು ಕೂತು ರೇಡಿಯೋ ಸಂಗೀತಪಾಠ ಕಲಿಯುತ್ತಿದ್ದವಳು. ಊರಲ್ಲಿ ಕಲಿಸುವವರು ಬೇರೆ ಯಾರೂ ಇರಲಿಲ್ಲ. ಪಾಠ ನಿಂತಿತು, ಅವಳು ಟೆಲಿಫೋನ್ ಕಚೇರಿಗೆ ಕೆಲಸಕ್ಕೆ ಸೇರಿದಳು. ಆಮೇಲೆ ಅವಳು ಆರತಿಯಲ್ಲಿ ಕೂಡ ಬಾಯಿ ಬಿಟ್ಟು ಹಾಡಿದ್ದನ್ನು ಯಾರೂ ಕೇಳಿಲ್ಲ. ನಾನು ಮಾತ್ರ ವರ್ಷಕ್ಕೊಮ್ಮೆ ಹೋಗಿ, ಪೆಟ್ಟಿಗೆಯ ಧೂಳು ಹೊಡೆದು, ಪಾರ್ಟು ಕಳಿಸಲು ಬರೆದಿದ್ದೇನೆ ಎಂದು ಹೇಳಿ, ಅವರ ಮನೆಯ ಕಾಫಿ ಕುಡಿದು ಬರುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಕಾಫಿ ಚೆನ್ನಾಗಿರುತ್ತಿತ್ತು.

ಈಗ ನಾಲ್ಕು ಗಂಟೆಗೆ ಆ ಮೆಕ್ಯಾನಿಕ್ ಬಂದು ಹಿಂಬದಿ ಬಿಚ್ಚಿದರೆ ಮೊದಲು ಕಾಣುವುದೇ ಆ ಕಾಗದ. ಉಗುರಿನಿಂದ ಎಬ್ಬಿಸಿದರೆ ಮುಗಿಯಿತು, ಮೂವತ್ತೆಂಟು ವರ್ಷದ ಮಾನ ಹರಾಜು. ಅಷ್ಟರೊಳಗೆ ನಾನೇ ಅದನ್ನು ಕೊಂಡು ನನ್ನ ಅಂಗಡಿಗೆ ಸೇರಿಸಬೇಕು. ಹೊಸ ತಂತಿ ಸುತ್ತಿಸಿ, ಒಂದು ದಿನ ಕುಮುದಾ ಅವರನ್ನು ಕರೆದು, "ನೋಡಿ, ಕೊನೆಗೂ ಪಾರ್ಟು ಬಂತು" ಎಂದು ಗುಂಡಿ ಒತ್ತಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಮಾಡಿದ ತಪ್ಪೂ ತೊಳೆದುಹೋಗುತ್ತದೆ, ಹೆಸರೂ ಉಳಿಯುತ್ತದೆ.

ನೇರ ಮುನಿವೆಂಕಟನ ಹತ್ತಿರ ಹೋದೆ. ನಮ್ಮೂರಿನಲ್ಲಿ ಹೊರುವವರ ಮೇಸ್ತ್ರಿ ಅವನು. ಒಂದು ಸಾಮಾನು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದು ಇಲ್ಲಿ ತೋಳಿನ ಮಾತಲ್ಲ, ಬಿಡುವವರ ಮನಸ್ಸಿನ ಮಾತು. ಮನಸ್ಸು ಬಿಡದಿದ್ದರೆ ಮೊರವನ್ನೂ ಅಲ್ಲಾಡಿಸಲಾಗದು. ಮದುವೆಯಾಗಿ ಹೋಗುವ ಹುಡುಗಿಯ ಟ್ರಂಕು ಎತ್ತುವ ಮೊದಲು ತಾಯಿಯನ್ನು ಹಿತ್ತಿಲಿಗೆ ಕರೆದೊಯ್ದು ಮನಸಾರೆ ಅಳಲು ಬಿಡುತ್ತಾರೆ. ಬಸ್ ನಿಲ್ದಾಣದ ಎದುರು ರಸ್ತೆಯ ನಡುಮಧ್ಯೆ ಒಂದು ಒರಳುಕಲ್ಲಿದೆ. ಅದನ್ನು ಮಾರಿದ ಅಜ್ಜಿ, ಗಾಡಿ ಅಲ್ಲಿಗೆ ಬರುವ ಹೊತ್ತಿಗೆ ಮನಸ್ಸು ಬದಲಾಯಿಸಿದ್ದರಿಂದ ಅದು ಗಾಡಿ ಮುರಿದು ಅಲ್ಲೇ ಕೂತಿತು. ಪುರಸಭೆಯವರು ಸುಣ್ಣ ಬಳಿದಿದ್ದಾರೆ, ಬಸ್ಸುಗಳು ಸುತ್ತಿಕೊಂಡು ಹೋಗುತ್ತವೆ. ಕೊಳ್ಳುವವರು ಮೊದಲು ಸಾಮಾನನ್ನು ಒಳಗೂ ಹೊರಗೂ ನೋಡಿ ಒಪ್ಪಬೇಕು, ಆಮೇಲೆ ಮನೆಯವರು ಅದರ ಮೇಲೆ ಅಂಗೈ ಇಟ್ಟು ಬಿಟ್ಟಿದ್ದೇವೆ ಎನ್ನಬೇಕು, ಆಮೇಲೆ ಎತ್ತಬೇಕು. ಬಾಯಲ್ಲಿ ಹೇಳಿದ್ದು ನಿಜವೋ ಸುಳ್ಳೋ ಎತ್ತಿದಾಗ ತಿಳಿಯುತ್ತದೆ. "ಮೊದಲು ಅತ್ತು ಮುಗಿಸಿ, ಆಮೇಲೆ ನಮ್ಮನ್ನ ಕರೀರಿ" ಎನ್ನುವುದು ಮುನಿವೆಂಕಟನ ಖಾಯಂ ಮಾತು. ಅವನೂ ಅವನ ಮೂವರು ಆಳುಗಳೂ ತಳ್ಳುಗಾಡಿ ಹಿಡಿದು ನನ್ನ ಹಿಂದೆ ಬಂದರು. ರಾಯರ ಮನೆ ತಲುಪಿದಾಗ ಎರಡೂವರೆ.

ಬಾಗಿಲು ತೆರೆದವರು ವನಮಾಲಾ. "ಏನ್ ಭದ್ರಣ್ಣ, ಅರ್ಧ ಗಡ್ಡ?" ಎಂದರು. "ಫ್ಯಾಷನ್ನು" ಎಂದೆ. ಅವರು ನಗಲಿಲ್ಲ. ಹಜಾರದಲ್ಲಿ ಪಾತ್ರೆಪಗಡೆ ಮೂಟೆ ಕಟ್ಟಿ ಇಟ್ಟಿತ್ತು. ಗೋಡೆಯಿಂದ ಈಚೆಗೆ, ಹಿಂದೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಅದು ನಿಂತಿತ್ತು. ಕುಮುದಾ ನೆಲದಲ್ಲಿ ಕೂತು ಲೋಟಗಳಿಗೆ ಪೇಪರು ಸುತ್ತುತ್ತಿದ್ದರು. ಐವತ್ತಮೂರು ವರ್ಷದ ಹೆಂಗಸು, ಕಿವಿಯ ಹತ್ತಿರ ಕೂದಲು ಪೂರ್ತಿ ಬೆಳ್ಳಗಾಗಿದೆ. ನಾನು ಕೊಳ್ಳುತ್ತೇನೆ ಎಂದಾಗ ವನಮಾಲಾ, "ಆ ವ್ಯಾಪಾರಿಗೆ ಮಾತು ಕೊಟ್ಟಿಲ್ಲ, ಬರ್ತೀನಿ ಅಂದಿದಾರೆ ಅಷ್ಟೇ. ನೀವೇ ತಗೊಂಡ್ರೆ ಒಳ್ಳೇದೇ. ಇಷ್ಟು ವರ್ಷ ನೋಡ್ಕೊಂಡಿದೀರಿ" ಎಂದರು.

"ಹಾಗಾದ್ರೆ ಎತ್ತೋಣ" ಎಂದೆ.

"ನೋಡದೇನೇ?" ಎಂದ ಮುನಿವೆಂಕಟ. "ಪದ್ಧತಿ ಬಿಡೋದು ಬೇಡ ಅಣ್ಣ. ಆಮೇಲೆ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರ್ತದೆ."

ನಾನೇ ಕರೆದುಕೊಂಡು ಬಂದವನು ನನಗೇ ಪದ್ಧತಿ ಹೇಳುತ್ತಾನೆ. ಬೇರೆ ದಾರಿ ಇರಲಿಲ್ಲ. ಸದಾ ಹೆಗಲಲ್ಲಿರುವ ಚೀಲದಿಂದ ತಿರುಪುಳಿ ತೆಗೆದೆ. ಕುಮುದಾ ಕೈ ಒರೆಸಿಕೊಂಡು ಎದ್ದು ಟಾರ್ಚು ತಂದರು. "ನಾನು ಬೆಳಕು ಹಿಡೀತೀನಿ" ಎಂದರು. ಬೇಡ ಎನ್ನಲು ಬಾಯಿ ತೆರೆದೆ, ಕಾರಣ ಹೊಳೆಯಲಿಲ್ಲ.

ಹೊತ್ತು ಕಳೆಯಲು ಮುಂದಿನಿಂದ ಶುರುಮಾಡಿದೆ. ಬೆರಳಿನಲ್ಲಿ ಮರ ಬಡಿದು ನೋಡಿದೆ, ಹುಳ ತಿಂದಿರಲಿಲ್ಲ. ಬಲಗಾಲಿನ ಹತ್ತಿರ ಮೇಲಿನ ತೆಳು ಹಲಗೆ ಎದ್ದಿತ್ತು, ಬಿಸಿನೀರಿನ ಬಟ್ಟೆ ಹಾಕಿ ಅಂಟಿಸಬಹುದು. ಸ್ಪೀಕರಿನ ಬಟ್ಟೆಯನ್ನು ಇಲಿ ಒಂದು ಮೂಲೆಯಲ್ಲಿ ಕಚ್ಚಿತ್ತು. ಡಯಲಿನ ಗಾಜು ಗಟ್ಟಿಯಾಗಿತ್ತು. ಅದರ ಮೇಲೆ ನಾವು ಯಾರೂ ಹೋಗದ ಊರುಗಳ ಹೆಸರು ಸಾಲಾಗಿ ಇದ್ದವು. ಮುಳ್ಳು ಎಳೆಯುವ ದಾರ ತುಂಡಾಗಿತ್ತು. ಬಲಗಡೆ ಮುಚ್ಚಳ ಎತ್ತಿ ತಟ್ಟೆ ತಿರುಗಿಸಿದೆ. ರಬ್ಬರ್ ಚಕ್ರ ಕಲ್ಲಾಗಿತ್ತು, ಗ್ರೀಸು ಮೇಣವಾಗಿತ್ತು. ಪ್ಲೇಟು ಮಗುಚುವ ಕೈಯನ್ನು ಮೆಲ್ಲನೆ ಎತ್ತಿದರೆ ಅದು ಈಗಲೂ ಬಂದು ಬಾಗಿ ತನ್ನ ಜಾಗದಲ್ಲಿ ಕೂತಿತು. ಇಂಥ ಹೊತ್ತಿನಲ್ಲೂ ನನ್ನ ಬಾಯಿಂದ "ಆಹಾ" ಬಂತು. ಊರಿನಲ್ಲಿ ಯಾಕೆ, ಇಡೀ ಸೀಮೆಯಲ್ಲಿ ಇಂಥದ್ದು ಇನ್ನೊಂದು ಇರಲಿಕ್ಕಿಲ್ಲ.

"ಹಿಂದುಗಡೆ ನೋಡಲ್ವಾ?" ಎಂದರು ಕುಮುದಾ.

ಎಂಟು ತಿರುಪು. ಒಂದೊಂದನ್ನೂ ಎಣಿಸಿಕೊಂಡು ಬಿಚ್ಚಿದೆ. ಹಲಗೆ ಸರಿಸಿದಾಗ ಹಳೆಯ ಮೇಣದ ವಾಸನೆ ಬಂತು. ನಾನು ಬೇಕೆಂದೇ ಬಲಭಾಗಕ್ಕೆ ಕೈ ಮಾಡಿ, "ಇಲ್ಲಿ ಹಿಡೀರಿ, ವಾಲ್ವುಗಳು ನೋಡಿ, ಹನ್ನೊಂದೂ ಇವೆ. ಇವೆಲ್ಲ ಕಂಡೆನ್ಸರು, ಮೇಣ ಇಳಿದಿದೆ, ಎಲ್ಲಾ ಬದಲಾಯಿಸ್ಬೇಕು" ಎಂದು ಬಡಬಡಿಸಿದೆ. ಬೆಳಕು ಸ್ವಲ್ಪ ಹೊತ್ತು ನಾನು ಹೇಳಿದ ಕಡೆ ಇತ್ತು. ಆಮೇಲೆ ತಾನಾಗಿ ಎಡಕ್ಕೆ, ಕೆಳಗೆ, ಟ್ರಾನ್ಸ್‌ಫಾರ್ಮರ್ ಇದ್ದ ಮೂಲೆಗೆ ಇಳಿಯಿತು.

"ಅದೇನದು ಕಾಗದ?"

"ಕಂಪನಿಯೋರು ಅಂಟಿಸಿರ್ತಾರೆ."

"ಏನೂ ಬರೆದಿಲ್ಲವಲ್ಲ."

"ಬರೆದಿದ್ದು ಅಳಿಸಿಹೋಗಿರುತ್ತೆ" ಎಂದು ಹೇಳಿ ಹಲಗೆ ಮುಚ್ಚಿದೆ. ಕುಮುದಾ ಟಾರ್ಚು ಆರಿಸಿದರು. "ಒಪ್ಪಿಗೆ" ಎಂದು ಮುನಿವೆಂಕಟನಿಗೆ ಹೇಳಿದೆ. ಗೋಡೆಯ ಗಡಿಯಾರದಲ್ಲಿ ಮೂರೂಕಾಲಾಗಿತ್ತು.

ಅಕ್ಕತಂಗಿ ಇಬ್ಬರೂ ಮುಚ್ಚಳದ ಮೇಲೆ ಅಂಗೈ ಇಟ್ಟರು. "ಬಿಟ್ಟಿದೀನಿ, ತಗೊಂಡ್ಹೋಗಿ" ಎಂದು ವನಮಾಲಾ ಅಂದರು, ಕುಮುದಾ ಅಂದರು. ನಾಲ್ವರು ನಾಲ್ಕು ಮೂಲೆ ಹಿಡಿದರು. ಹೂಂ ಎಂದು ಎತ್ತಿದರು. ಏಳಲಿಲ್ಲ. ಮತ್ತೆ ಎತ್ತಿದರು. ಒಬ್ಬನ ಕತ್ತಿನ ನರ ಹಗ್ಗದಂತೆ ಉಬ್ಬಿತು. ಪೆಟ್ಟಿಗೆ ನೆಲಕ್ಕೆ ಬೇರು ಬಿಟ್ಟಂತೆ ಕೂತಿತ್ತು.

"ಅಮ್ಮಾವ್ರೇ, ಇನ್ನೊಂದ್ಸಲ ಮನಸ್ಸಿಟ್ಟು ಹೇಳಿ" ಎಂದ ಮುನಿವೆಂಕಟ. ಹೇಳಿದರು. ಏಳಲಿಲ್ಲ.

ವನಮಾಲಾ ತಂಗಿಯ ಕಡೆ ತಿರುಗಿದರು. "ನೀನು ಬಿಟ್ಟಿಲ್ಲ."

"ನಾನು ಎಂದೋ ಬಿಟ್ಟೆ ಅಕ್ಕ."

"ಸುಳ್ಳು ಹೇಳ್ಬೇಡ. ಎಷ್ಟು ವರ್ಷ ಮಂಗಳವಾರ ಮಂಗಳವಾರ ಇದರ ಮುಂದೆ ಬಂದು ಕೂತ್ಕೋತಿದ್ದೆ, ನಾನು ನೋಡಿಲ್ವಾ? ಅಪ್ಪ ಇನ್ನೊಂದು ರೇಡಿಯೋ ತರ್ತೀನಿ ಅಂದಾಗ ಬೇಡ, ಇದೇ ರಿಪೇರಿ ಆಗ್ಲಿ ಅಂತ ಹಟ ಹಿಡಿದವಳು ನೀನು. ಕೊನೇ ಎರಡು ವರ್ಷ ಆ ಮನುಷ್ಯ ಗೋಡೆ ನೋಡ್ಕೊಂಡು ಮಲಗಿದ್ರು. ಒಂದು ವಾರ್ತೆ ಇಲ್ಲ, ಒಂದು ಹಾಡಿಲ್ಲ. ನಿನ್ನ ಹಟಕ್ಕೆ."

ಕುಮುದಾ ಅವರ ಮುಖದಿಂದ ರಕ್ತ ಇಳಿದುಹೋಯಿತು. "ಅದನ್ನ ಇವತ್ತಿಗೆ ಇಟ್ಕೊಂಡಿದ್ಯಾ ಅಕ್ಕ?" ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

ನಾನು ಗೋಡೆಗೆ ಆತು ನಿಂತೆ. ಹೇಳು ಎಂದು ಒಳಗಿನಿಂದ ಒಬ್ಬ ತಿವಿಯುತ್ತಿದ್ದ, ಇನ್ನು ಅರ್ಧ ಗಂಟೆ ಸುಮ್ಮನಿರು, ಹೇಗೋ ಎದ್ದೀತು ಎಂದು ಇನ್ನೊಬ್ಬ. ನಾನು ಎರಡನೆಯವನ ಮಾತು ಕೇಳುವ ಜಾತಿ.

ಮುನಿವೆಂಕಟ ಇಂಥ ಜಗಳ ದಿನಾ ನೋಡಿದವನು. ಅವನು ಇಬ್ಬರಿಗೂ ಕಿವಿಗೊಡದೆ, ಪೆಟ್ಟಿಗೆಯ ಒಂದೊಂದೇ ಮೂಲೆಗೆ ಬಗ್ಗಿ ಕೈಹಾಕಿ ಎತ್ತಿ ನೋಡಿದ. ಮುಂದಿನ ಎರಡು ಮೂಲೆ ಸಲೀಸಾಗಿ ಎದ್ದವು. ಹಿಂದೆ ಬಲಗಡೆಯದೂ ಎದ್ದಿತು. ಹಿಂದೆ ಎಡಗಡೆಯದು ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ. ಅವನು ಮಂಡಿಯೂರಿ ಕೂತು ಬೆವರು ಒರೆಸಿಕೊಂಡ. "ಜಗಳ ಬಿಡಿ ಅಮ್ಮಾವ್ರೇ. ಇದು ನಿಮ್ಮಿಬ್ಬರ ಭಾರ ಅಲ್ಲ. ಮನೆಯೋರ ಭಾರ ಅಂದ್ರೆ ಇಡೀ ಸಾಮಾನಿಗೆ ಹರಡಿರ್ತದೆ. ಇದು ಒಂದೇ ಮೂಲೇಲಿ ಕೂತಿದೆ. ಹೊರಗಿನೋರು ಯಾರೋ ಹಿಡ್ಕೊಂಡಿದಾರೆ. ಹಿಂದೆ ಒಂದು ಸೈಕಲ್ ಹಿಂಗೇ ಆಗಿತ್ತು. ಪಕ್ಕದ ಮನೆಯೋನು ಅದರ ಬೆಲ್ಲು ಕದ್ದಿದ್ದ."

"ಹೊರಗಿನೋರು ಯಾರು ಇದನ್ನ ಹಿಡ್ಕೋತಾರೆ?" ಎಂದರು ವನಮಾಲಾ.

ಮುನಿವೆಂಕಟ ನನ್ನ ಕಡೆ ನೋಡಲಿಲ್ಲ. ದೇವರಾಣೆ, ನೋಡಲಿಲ್ಲ. ಆದರೆ ಕುಮುದಾ ನೋಡಿದರು. ಆ ಮೂಲೆಯ ಒಳಗೆ ಏನಿದೆ ಎಂದು ಆಗತಾನೇ ಬೆಳಕು ಹಿಡಿದು ಕಂಡಿದ್ದರಲ್ಲ. ಟಾರ್ಚು ಇನ್ನೂ ಅವರ ಕೈಯಲ್ಲೇ ಇತ್ತು. ಬೀದಿಯ ತುದಿಯಲ್ಲಿ ಒಂದು ಜೀಪಿನ ಹಾರ್ನ್ ಕೇಳಿಸಿತು. ವ್ಯಾಪಾರಿ ಹೊತ್ತಿಗೆ ಮುಂಚೆಯೇ ಬಂದಿದ್ದ.

ಆ ಹಾರ್ನಿಗೆ ಹೆದರಿ ಹೇಳಿದೆನೋ, ಆ ಹೆಂಗಸಿನ ಬಿಳುಚಿದ ಮುಖ ನೋಡಲಾರದೆ ಹೇಳಿದೆನೋ, ಇವತ್ತಿಗೂ ನನಗೆ ಖಾತ್ರಿಯಿಲ್ಲ. "ನಾನು" ಎಂದೆ. "ಹಿಡ್ಕೊಂಡಿರೋನು ನಾನು. ಇದು ತಾನಾಗಿ ಕೆಟ್ಟಿದ್ದಲ್ಲ, ನಾನು ಸುಟ್ಟಿದ್ದು. ಆ ಕಬ್ಬಿಣದ ಪೆಟ್ಟಿಗೆ ಹಾಕೋದು ಮರೆತು ನೇರ ಕರೆಂಟು ಕೊಟ್ಟೆ. ಪಾರ್ಟು ಗೀರ್ಟು ಏನೂ ಇಲ್ಲ. ಯಾರಿಗೂ ಬರೆದಿಲ್ಲ. ಎಂಟು ದಿನದ ಕೆಲಸ. ಹೆಸರು ಹೋಗುತ್ತೆ ಅಂತ ಹೆದರಿ ಮುಚ್ಚಿಟ್ಟೆ. ವರ್ಷ ವರ್ಷ ಬಂದಿದ್ದು ಬೇರೆ ಯಾರೂ ಬಿಚ್ಚದೆ ಇರಲಿ ಅಂತ. ರಾಯರು ಮಲಗಿದ್ದಾಗಲೂ ಬಂದಿದ್ದೆ. ಆಗಲೂ ಹೇಳಲಿಲ್ಲ."

ವನಮಾಲಾ ಮೂಟೆಯೊಂದರ ಮೇಲೆ ಕುಸಿದು ಕೂತರು. ಮುನಿವೆಂಕಟ ತನ್ನ ಕೆಲಸ ಬಲ್ಲವನು, ಮೆಲ್ಲಗೆ ಆ ಮೂಲೆಗೆ ಕೈ ಹಾಕಿದ. ಎದ್ದಿತು. ಕಣ್ಸನ್ನೆ ಮಾಡಿದ, ಉಳಿದ ಮೂವರೂ ಹಿಡಿದರು, ಪೆಟ್ಟಿಗೆ ನೆಲದಿಂದ ಒಂದು ಗೇಣು ಮೇಲೆ ಬಂತು.

"ಅಂದ್ರೆ ಇದು ಹಾಡುತ್ತಾ?" ಎಂದರು ಕುಮುದಾ.

"ಹಾಡುತ್ತೆ. ಇಲ್ಲೇ, ನಿಮ್ಮೆದುರೇ ಕೂತು ಮಾಡಿಕೊಡ್ತೀನಿ. ನನಗೆ ಕೊಡಬೇಡಿ, ಯಾರಿಗೂ ಕೊಡಬೇಡಿ. ಮೇಲುಪೇಟೆ ಮನೇಲಿ ಗೋಡೆ ಒಡೆದಾದ್ರೂ ಜಾಗ ಮಾಡೋಣ."

ಹೇಳಿ ಆ ನಾಲ್ವರ ತೋಳು ನೋಡುತ್ತ ನಿಂತೆ. ಎಲ್ಲರೂ ಅದನ್ನೇ ನೋಡುತ್ತಿದ್ದರು. ಕುಮುದಾ ಅವರ ಮನಸ್ಸಿನಲ್ಲಿ ಒಂದು ಎಳೆಯಷ್ಟು ಆಸೆ ಎದ್ದರೂ ಸಾಕು, ಅದು ದೊಪ್ಪನೆ ಕೆಳಗೆ ಕೂರುತ್ತದೆ. ಕೂರಲಿ, ನನ್ನ ಕಾಲ ಮೇಲೇ ಬೀಳಲಿ, ಬೆರಳೆಲ್ಲ ಜಜ್ಜಿಹೋಗಲಿ ಎಂದು ಬೇಡಿಕೊಂಡೆ. ಬದುಕಿನಲ್ಲಿ ಯಾವುದಕ್ಕೂ ಹಾಗೆ ಬೇಡಿಕೊಂಡವನಲ್ಲ. ತೋಳುಗಳು ಅಲುಗಲಿಲ್ಲ. ಒಬ್ಬ ಆಳು ಮುಖ ಕೆರೆದುಕೊಳ್ಳಲು ಒಂದು ಕೈ ತೆಗೆದ, ಆಮೇಲೆ ಇನ್ನೊಂದನ್ನೂ ತೆಗೆದ. ಅವನ ಪಕ್ಕದವನೂ ಕೈ ಬಿಟ್ಟ. ಆ ತುದಿಯಲ್ಲಿ ಒಬ್ಬ, ಈ ತುದಿಯಲ್ಲಿ ಮುನಿವೆಂಕಟ, ಇಬ್ಬರೇ ಹಿಡಿದಿದ್ದರು. ಪೆಟ್ಟಿಗೆ ಇದ್ದ ಹಾಗೇ ಇತ್ತು.

ಕುಮುದಾ ಕೂಡ ಕಾಯುತ್ತಿದ್ದರು. ಡಬ್ಬಿಯ ತಳದಲ್ಲಿ ಏನಾದರೂ ಉಳಿದಿದೆಯೇ ಎಂದು ಕೈಯಾಡಿಸಿ ನೋಡುವವರ ಹಾಗೆ, ಸ್ವಲ್ಪ ತಲೆ ಬಾಗಿಸಿ, ತಮ್ಮೊಳಗನ್ನೇ ಹುಡುಕುತ್ತಾ ನಿಂತಿದ್ದರು. ಎಷ್ಟೋ ಹೊತ್ತಿನ ಮೇಲೆ ಮುಖ ಎತ್ತಿದರು.

"ಇಲ್ಲ" ಎಂದರು. "ಏನೂ ಉಳಿದಿಲ್ಲ ಭದ್ರಣ್ಣ. ನನಗೂ ಈಗಲೇ ಗೊತ್ತಾಗಿದ್ದು."

ವನಮಾಲಾ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಬಾಗಿಲಲ್ಲಿ ವ್ಯಾಪಾರಿ ಬಂದು ನಿಂತಿದ್ದ, ಹಿಂದೆ ಚೀಲ ತಗುಲಿಸಿಕೊಂಡ ಅವನ ಮೆಕ್ಯಾನಿಕ್. ಕುಮುದಾ ವ್ಯಾಪಾರಿಗೆ ಕೈಮುಗಿದರು. "ಕ್ಷಮಿಸಿ, ಸುಮ್ಮನೆ ಓಡಾಡಿಸಿದ ಹಾಗಾಯ್ತು. ಇದನ್ನ ಇವರಿಗೆ ಕೊಟ್ಟಾಯ್ತು."

"ಬೇಡ" ಎಂದೆ. "ಅವರಿಗೇ ಕೊಡಿ. ನನಗೆ ಯಾವ ಮುಖ ಇದೆ."

"ಇಲ್ಲ. ನೀವೇ ತಗೊಂಡ್ಹೋಗಿ ರಿಪೇರಿ ಮಾಡಿ, ನೀವೇ ಕೂತು ಕೇಳಿ."

ಬೈದಿದ್ದರೆ ತಲೆ ತಗ್ಗಿಸಿ ಕೇಳುತ್ತಿದ್ದೆ, ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಅವರು ಬರೀ ಆ ತುದಿ ಹಿಡಿದಿದ್ದ ಕೊನೆಯ ಆಳಿಗೆ ಪಕ್ಕಕ್ಕೆ ಸರಿಯಲು ಸನ್ನೆ ಮಾಡಿ, ಒಂದು ಕೈಯಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಪೆಟ್ಟಿಗೆಯ ಆ ತುದಿ ಹಿಡಿದರು. ಎದೆಮಟ್ಟದ ಆ ಮರವನ್ನು ಒಂದೇ ಕೈಯಲ್ಲಿ ಹೊಸ್ತಿಲು ದಾಟಿಸಿ, ಮೂರು ಮೆಟ್ಟಿಲು ಇಳಿಸಿ, ಗಾಡಿಯ ಮೇಲೆ ಇಟ್ಟರು. ಉಸಿರು ಕೂಡ ಏರಲಿಲ್ಲ. ಕೈಗೆ ಹತ್ತಿದ ಧೂಳನ್ನು ಸೀರೆಗೆ ಒರೆಸಿಕೊಂಡು ಒಳಗೆ ಹೋಗಿ ಮತ್ತೆ ಲೋಟಗಳ ಮುಂದೆ ಕೂತರು.

ಮುನಿವೆಂಕಟ ಒಬ್ಬನೇ ಗಾಡಿ ತಳ್ಳಿದ. ಅವನ ಮೂವರು ಆಳುಗಳು ಮತ್ತು ನಾನು ಬರಿಗೈಯಲ್ಲಿ ಹಿಂದೆ ನಡೆದೆವು.